ಪ ಬಾಯಿ ಮುಚ್ಚಿದರೆ ವ

ಅಂಗಡಿ ಬೋರ್ಡು, ಪುಸ್ತಕದ ಮುಖಪುಟ, ನಾಟಕದ ಪೋಸ್ಟರು, ಇವಕ್ಕೆ ಅಕ್ಷರ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಊರು ಶಿವಮೊಗ್ಗ, ಕೆಲಸ ಬೆಂಗಳೂರಲ್ಲಿ. ಈ ಹದಿನಾರು ವರ್ಷದಲ್ಲಿ ಗಿರಾಕಿಗಳ ಬಾಯಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು ಇದು: “ಮೇಡಂ, ಸ್ವಲ್ಪ ಫ್ಯೂಚರಿಸ್ಟಿಕ್ ಆಗಿ ಮಾಡಿಕೊಡಿ. ದಪ್ಪಗಿರಲಿ, ದೂರದಿಂದಲೇ ಕಣ್ಣಿಗೆ ಹೊಡೀಬೇಕು.”

ಅವರು ಕೇಳುವ ಅಕ್ಷರ ಯಾವುದೆಂದು ನಿಮಗೂ ಗೊತ್ತು. ಚೌಕ ಮೈ, ಉರುಟಾದ ಮೂಲೆ, ಅಗಲ ಭುಜ, ಎಲ್ಲೆಡೆ ಒಂದೇ ದಪ್ಪದ ಗೆರೆ. ಹಳೇ ಟಿ.ವಿ. ಪರದೆಯನ್ನು ಸಾಲಾಗಿ ಜೋಡಿಸಿಟ್ಟ ಹಾಗೆ. ಇಟಲಿಯ ಟೂರಿನ್ ನಗರದ ನೆಬಿಯೋಲೊ ಅಚ್ಚುಮೊಳೆ ಕಾರ್ಖಾನೆಯಲ್ಲಿ 1952ರಲ್ಲಿ ಮೈಕ್ರೊಗ್ರಾಮಾ ಎಂಬ ಫಾಂಟ್ ಬಂತು. ಅದರಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. ಅದನ್ನು ಮಾಡಿದ ಇಬ್ಬರಲ್ಲಿ ಒಬ್ಬರಾದ ಆಲ್ಡೊ ನೊವಾರೆಸೆ 1962ರಲ್ಲಿ ಸಣ್ಣಕ್ಷರಗಳನ್ನೂ ಸೇರಿಸಿ ಯೂರೋಸ್ಟೈಲ್ ಮಾಡಿದರು. 1968ರಲ್ಲಿ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಗಗನನೌಕೆಯ ಪರದೆಗಳ ಮೇಲೆ ಅದರ ಅಗಲವಾದ ಬೋಲ್ಡ್ ರೂಪ ಕಾಣಿಸಿಕೊಂಡಿತು. ಆಮೇಲೆ ಸಿನಿಮಾದಲ್ಲಿ ಯಾರು ಬಾಹ್ಯಾಕಾಶಕ್ಕೆ ಹೊರಟರೂ ಈ ಅಕ್ಷರ ಜೊತೆಗೆ ಹೊರಡತೊಡಗಿತು.

ನನಗೆ ಈ ಬಗೆಯ ಅಕ್ಷರ ಅಂದರೆ ತುಂಬ ಇಷ್ಟ. ಇಷ್ಟವಿದ್ದದ್ದಕ್ಕೇ ಕಂಡಕಂಡಲ್ಲಿ ಬಳಸಿ ಕೆಡಿಸಿದ್ದೇನೆ. ಇದನ್ನು ಹೇಗೆ ಬಳಸಬೇಕೆಂದು ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

1. ಎರಡು ಪದಕ್ಕೆ ಸಾಕು, ಮೂರನೆಯದಕ್ಕೆ ಯೋಚಿಸಿ

ನನ್ನ ಮೊದಲ ದೊಡ್ಡ ಕೆಲಸ ಒಂದು ವಿಜ್ಞಾನ ಪ್ರದರ್ಶನದ ಪೋಸ್ಟರು. ‘ವಿಜ್ಞಾನ ಮೇಳ’ ಎಂಬ ಶೀರ್ಷಿಕೆಯನ್ನು ದಪ್ಪ ಚೌಕದ ಅಕ್ಷರದಲ್ಲಿ ಬರೆದೆ. ಚೆನ್ನಾಗಿಯೇ ಬಂತು. ಆ ಖುಷಿಯಲ್ಲಿ ಸ್ಥಳ, ತಾರೀಕು, ಬಸ್ ಮಾರ್ಗ, ಪ್ರವೇಶದ ನಿಯಮ ಎಲ್ಲವನ್ನೂ ಅದೇ ಶೈಲಿಯಲ್ಲಿ ಬರೆದೆ. ಅಂಕಿಗಳೂ ಕನ್ನಡದವೇ ಇರಲೆಂದು ಹಠ ಹಿಡಿದು ೬ನ್ನೂ ಚೌಕ ಮಾಡಿದೆ. ಕನ್ನಡದ ೬ಕ್ಕೂ ೯ಕ್ಕೂ ಇರುವ ವ್ಯತ್ಯಾಸವೆಲ್ಲ ಬಾಲದ ತಿರುವಿನಲ್ಲಿದೆ. ಚೌಕ ಮಾಡುವ ಭರದಲ್ಲಿ ನಾನು ಆ ತಿರುವನ್ನೇ ಮಟ್ಟ ಮಾಡಿಬಿಟ್ಟಿದ್ದೆ.

ಮೇಳ ಇದ್ದದ್ದು ಆರನೇ ತಾರೀಕು. ಒಂಬತ್ತನೇ ತಾರೀಕು ಗೋಡೆಯ ಪೋಸ್ಟರು ಬಿಡಿಸಲು ಹೋದಾಗ, ಬೀಗ ಹಾಕಿದ ಸಭಾಂಗಣದ ಮುಂದೆ ಒಬ್ಬರು ಅಜ್ಜ ಮೊಮ್ಮಗನ ಕೈ ಹಿಡಿದು ನಿಂತಿದ್ದರು. ಹುಡುಗ ಇಸ್ತ್ರಿ ಮಾಡಿದ ಶಾಲಾ ಸಮವಸ್ತ್ರ ಹಾಕಿಕೊಂಡಿದ್ದ. “ಇವತ್ತೇ ಅಂತ ಬರೆದಿದಾರಲ್ಲಮ್ಮ” ಎಂದು ಅಜ್ಜ ನನ್ನ ಪೋಸ್ಟರನ್ನೇ ತೋರಿಸಿದರು. ಬರೆದದ್ದು ನಾನೇ ಎಂದು ಹೇಳಲು ಅವತ್ತು ಬಾಯಿ ಬರಲಿಲ್ಲ. ಅದು ಈಗಲೂ ಕಾಡುತ್ತದೆ.

ಆವತ್ತಿನಿಂದ ಇಂಥ ಅಕ್ಷರ ಶೀರ್ಷಿಕೆಗೆ ಮಾತ್ರ. ಅದೂ ಎರಡು ಪದಕ್ಕೆ. ದಿನಾಂಕ, ಸಮಯ, ಬೆಲೆ, ಫೋನ್ ನಂಬರು, ವಿಳಾಸ, ಇವು ಯಾವ ಕಾಲಕ್ಕೂ ಸಾದಾ ಫಾಂಟಿನಲ್ಲಿ ಇರಬೇಕು. ಜನ ಅವನ್ನು ನೋಡಿ ಮೆಚ್ಚಬೇಕಾಗಿಲ್ಲ. ನಂಬಿ ಹೊರಡಬೇಕು.

2. ಇಂಗ್ಲಿಷ್ ಅಕ್ಷರ ಕತ್ತರಿಸಿ ಅಂಟಿಸಿದರೆ ಕನ್ನಡ ಆಗುವುದಿಲ್ಲ

2024ರಲ್ಲಿ ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲಿರಬೇಕು ಎಂಬ ತಿದ್ದುಪಡಿ ಬಂದಾಗ ನನ್ನಂಥವರಿಗೆಲ್ಲ ಕೈತುಂಬ ಕೆಲಸ. ಅದುವರೆಗೆ ಇಂಗ್ಲಿಷಿನಲ್ಲೇ ಮೆರೆದಿದ್ದ ಬೋರ್ಡುಗಳಿಗೆ ಕನ್ನಡದ ಜೋಡಿ ಬೇಕಿತ್ತು. ಒಂದು ಜಿಮ್‌ನವರು ಬಂದರು. ಅವರ ಇಂಗ್ಲಿಷ್ ಹೆಸರು ಅಗಲವಾದ ದಪ್ಪ ಅಕ್ಷರದಲ್ಲಿತ್ತು, ಕಬ್ಬಿಣದ ತಟ್ಟೆಗಳ ಹಾಗೆ ತೂಕವಾಗಿತ್ತು. “ಕನ್ನಡವೂ ಡಿಟ್ಟೋ ಹೀಗೇ ಕಾಣಬೇಕು” ಎಂದರು. ಹೆಸರಲ್ಲಿ ಮುಖ್ಯ ಪದ ‘ಪವರ್’.

ನಾಲ್ಕು ದಿನದ ಗಡುವು. ನಾನು ಸುಲಭದ ದಾರಿ ಹಿಡಿದೆ. ಇಂಗ್ಲಿಷಿನ ಯು, ಎನ್, ಒ ಅಕ್ಷರಗಳನ್ನೇ ಒಡೆದು, ತಿರುಗಿಸಿ, ಕೂಡಿಸಿ ಪ, ವ, ರ್ ಕಟ್ಟಿದೆ. ದಪ್ಪ ಒಂದೇ, ಮೂಲೆ ಒಂದೇ, ಎತ್ತರ ಒಂದೇ. ಕಂಪ್ಯೂಟರಿನಲ್ಲಿ ಎರಡನ್ನೂ ಮೇಲೆ ಕೆಳಗೆ ಇಟ್ಟು ನೋಡಿದಾಗ ಅವಳಿ ಮಕ್ಕಳ ಹಾಗೆ ಕಂಡವು. ಗಿರಾಕಿ ಒಪ್ಪಿದರು. ಬೋರ್ಡು ಏರಿತು.

ಎರಡನೇ ದಿನಕ್ಕೆ ಫೋನು. “ಮೇಡಂ, ಜನ ‘ವವರ್ ಜಿಮ್’ ಅಂತಿದಾರೆ.”

ಪ ಮತ್ತು ವ ಹತ್ತಿರದ ನೆಂಟರು. ವ ಅಕ್ಷರದ ಎಡಭುಜ ಮೇಲಕ್ಕೆ ಹೋಗಿ ತಲೆಕಟ್ಟಿಗೆ ಕೂಡಿಕೊಳ್ಳುತ್ತದೆ. ಪ ಅಕ್ಷರದಲ್ಲಿ ಆ ಜಾಗ ಬಾಯಿ ತೆರೆದುಕೊಂಡಿರುತ್ತದೆ. ಒಂದೇ ಒಂದು ಸಂದಿ. ಸಪೂರ ಅಕ್ಷರದಲ್ಲಿ ಆ ಸಂದಿ ಧಾರಾಳವಾಗಿ ಕಾಣುತ್ತದೆ. ಗೆರೆ ದಪ್ಪವಾದಷ್ಟೂ ಬೆಳಕು ಓಡಾಡುವ ಜಾಗ ಕಡಿಮೆ. ನನ್ನ ಪ ಅಕ್ಷರದ ಬಾಯಿ ಕಂಪ್ಯೂಟರಿನಲ್ಲಿ ಚೂರು ತೆರೆದಿತ್ತು. ರಸ್ತೆಯ ಆಚೆ ಬದಿಯಿಂದ, ಅದೂ ರಾತ್ರಿ ಹಿಂದಿನಿಂದ ದೀಪ ಹೊತ್ತಿದಾಗ, ಅದು ಪೂರ್ತಿ ಮುಚ್ಚಿಹೋಗುತ್ತಿತ್ತು.

ನನ್ನ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆ. ಈ ಸಲ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಮೊದಲು ಪೆನ್ನು ಹಿಡಿದು ಪ ಬರೆದೆ. ಕೈ ಎಲ್ಲಿ ಹೊರಡುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಎತ್ತುತ್ತದೆ ಎಂದು ನೋಡಿದೆ. ಸಂದಿಯನ್ನು ಗೆರೆಯ ದಪ್ಪದ ಅರ್ಧಕ್ಕಿಂತ ಕಡಿಮೆ ಮಾಡಬಾರದೆಂದು ನಿಯಮ ಹಾಕಿಕೊಂಡೆ. ಅಷ್ಟು ಬಾಯಿ ತೆರೆಯಬೇಕಾದರೆ ಒಟ್ಟು ಗೆರೆಯನ್ನೇ ಸ್ವಲ್ಪ ತೆಳು ಮಾಡಬೇಕಾಯಿತು. ಇಂಗ್ಲಿಷಿನ ಪಕ್ಕ ನಿಲ್ಲಿಸಿದರೆ ಕನ್ನಡ ತುಸು ಹಗುರ. ಅಳತೆಪಟ್ಟಿ ಇಟ್ಟವರಿಗೆ ಮಾತ್ರ ಅದು ಗೊತ್ತಾಗುತ್ತದೆ, ಓದುವವರಿಗೆ ಎರಡರ ತೂಕವೂ ಒಂದೇ. ಕನ್ನಡದ ಅಕ್ಷರದೊಳಗೆ ಸುತ್ತುಗಳು ಹೆಚ್ಚು, ಹಾಗಾಗಿ ಕಡಿಮೆ ಮಸಿಯಲ್ಲೇ ಅದು ಕಪ್ಪಾಗಿ ಕಾಣುತ್ತದೆ. ಈ ಸರಳ ವಿಷಯ ತಿಳಿಯಲು ನನಗೆ ಒಂದು ಬೋರ್ಡಿನ ದುಡ್ಡು ಹೋಯಿತು.

3. ತಲೆಕಟ್ಟನ್ನು ಒಡವೆ ಎಂದುಕೊಳ್ಳಬೇಡಿ

ಅಮೆರಿಕದ ನಾಸಾ ಸಂಸ್ಥೆಗೆ 1975ರಲ್ಲಿ ಒಂದು ಲಾಂಛನ ಬಂತು. ಎರೆಹುಳುವಿನಂತೆ ಒಂದೇ ದಪ್ಪದ ಕೆಂಪು ಗೆರೆ ಬಾಗಿ ಬಾಗಿ ಹೋಗುತ್ತದೆ. ಅದರಲ್ಲಿನ ಎರಡೂ ‘ಎ’ ಅಕ್ಷರಗಳಿಗೆ ನಡುವಿನ ಅಡ್ಡಗೆರೆಯೇ ಇಲ್ಲ. 1992ರಲ್ಲಿ ಅದನ್ನು ಕೈಬಿಟ್ಟರು, 2020ರಲ್ಲಿ ಮತ್ತೆ ರಾಕೆಟ್ಟಿನ ಮೇಲೆ ತಂದರು. ನಾನು ಅದನ್ನು ಎಷ್ಟು ಸಲ ಕೈಯಲ್ಲಿ ಬಿಡಿಸಿದ್ದೇನೋ ಲೆಕ್ಕವಿಲ್ಲ.

ಅಡ್ಡಗೆರೆ ತೆಗೆದರೂ ‘ಎ’ ಉಳಿಯುತ್ತದೆ ಅಂದಮೇಲೆ, ತಲೆಕಟ್ಟು ತೆಗೆದರೂ ಕನ್ನಡ ಉಳಿಯಬಹುದಲ್ಲ ಎಂದು ಹೊಳೆಯಿತು. ಒಂದು ಸಂಗೀತ ಕಾರ್ಯಕ್ರಮದ ಪೋಸ್ಟರಿಗೆ ‘ಗಗನ’ ಎಂದು ತಲೆಕಟ್ಟಿಲ್ಲದೆ ಬರೆದೆ. ಮೂರು ಕಮಾನುಗಳು ಸಾಲಾಗಿ ನಿಂತವು. ನನ್ನ ಕಣ್ಣಿಗೆ ಬಹಳ ಸೊಗಸು. ಅಮ್ಮ ನೋಡಿ, “ಇದೇನು ಸೇತುವೆಯಾ?” ಎಂದು ಕೇಳಿದಳು.

ಕನ್ನಡದಲ್ಲಿ ಹಲವು ಸ್ವರಗಳು ಕೂರುವುದೇ ತಲೆಯ ಮೇಲೆ. ತಲೆಕಟ್ಟು ಇದ್ದರೆ ಗ, ಅದರ ಜಾಗಕ್ಕೆ ಗುಡಿಸು ಬಂದರೆ ಗಿ, ಏತ್ವ ಬಂದರೆ ಗೆ. ತಲೆ ಖಾಲಿ ಬಿಟ್ಟರೆ ಓದುವವರು ಅಲ್ಲಿ ಏನಿರಬೇಕಿತ್ತು ಎಂದು ಹುಡುಕುತ್ತ ನಿಲ್ಲುತ್ತಾರೆ. ಖ, ಜ, ಟ, ಣ, ಬ, ಲ ಮೊದಲಾದವಕ್ಕೆ ಹುಟ್ಟಾ ತಲೆಕಟ್ಟಿಲ್ಲ. ಹಾಗಾಗಿ ಎಲ್ಲಕ್ಕೂ ತೆಗೆದುಬಿಟ್ಟರೆ ಇವುಗಳ ಗುರುತೂ ಮಸುಕಾಗುತ್ತದೆ. ಈಗ ನಾನು ತಲೆಕಟ್ಟಿನ ಆಕಾರ ಬದಲಿಸುತ್ತೇನೆ. ಚಪ್ಪಟೆ ಪಟ್ಟಿ ಮಾಡುತ್ತೇನೆ, ತುದಿಯನ್ನು ಓರೆಯಾಗಿ ಕತ್ತರಿಸುತ್ತೇನೆ. ತೆಗೆಯುವುದಿಲ್ಲ.

4. ಮೊದಲು ಒತ್ತಕ್ಷರ ಬರೆಯಿರಿ, ಆಮೇಲೆ ಉಳಿದದ್ದು

ರೂಢಿಯಲ್ಲಿ ನಾವೆಲ್ಲ ಅಕ್ಷರದ ಮೈ ಬರೆದು ಆಮೇಲೆ ಒತ್ತನ್ನು ಕೆಳಗೆ ತುರುಕುತ್ತೇವೆ. ‘ಎಲೆಕ್ಟ್ರಾನಿಕ್ಸ್’ ಎಂಬ ಪದ ಆ ರೂಢಿ ಬಿಡಿಸಿತು. ಒಂದು ಅಂಗಡಿಗೆ ಅಗಲವಾದ ಬೋಲ್ಡ್‌ನಲ್ಲಿ ಅದನ್ನು ಬರೆಯಬೇಕಿತ್ತು. ಕಕಾರಕ್ಕೆ ಟ ಒತ್ತು, ಅದರ ಪಕ್ಕ ರ ಒತ್ತು, ಮುಂದೆ ಹೋದರೆ ಇನ್ನೊಂದು ಕಕಾರಕ್ಕೆ ಸ ಒತ್ತು. ಮೇಲಿನ ಅಕ್ಷರಗಳೆಲ್ಲ ಮಲ್ಲರ ಹಾಗೆ ನಿಂತಿದ್ದವು. ಕೆಳಗಿನ ಒತ್ತುಗಳು ಅವರ ಕಾಲಡಿಗೆ ಸಿಕ್ಕ ಮಕ್ಕಳ ಹಾಗಿದ್ದವು. ಅದರ ಕೆಳಗಿನ ಸಾಲಿನಲ್ಲಿ ‘ಸರ್ವೀಸ್’ ಎಂದಿತ್ತು. ಅದರ ಗುಡಿಸು ಮೇಲಿನ ಒತ್ತಿಗೆ ತಾಗಿ ಎರಡೂ ಕೂಡಿ ಹೊಸದೊಂದು ಅಕ್ಷರವೇ ಆಗಿಬಿಟ್ಟಿತ್ತು.

ಈಗ ಪದ ಕೈಗೆ ಬಂದ ಕೂಡಲೇ ಅದರಲ್ಲಿ ಅತ್ಯಂತ ಇಕ್ಕಟ್ಟಿನ ಒತ್ತು ಯಾವುದೆಂದು ಹುಡುಕುತ್ತೇನೆ. ಅದು ಓದಿಸಿಕೊಳ್ಳುವಷ್ಟು ದಪ್ಪವೇ ಇಡೀ ಪದದ ದಪ್ಪಕ್ಕೆ ಮಿತಿ. ಬೋರ್ಡಿನವರು ಹತ್ತು ಅಡಿ ದೂರಕ್ಕೆ ಒಂದಿಂಚು ಎತ್ತರದ ಅಕ್ಷರ ಎಂದು ಲೆಕ್ಕ ಹಿಡಿಯುತ್ತಾರೆ. ಅದು ಇಂಗ್ಲಿಷಿನ ದೊಡ್ಡಕ್ಷರಕ್ಕೆ ಹುಟ್ಟಿದ ಲೆಕ್ಕ. ನಾನು ಆ ಒಂದಿಂಚನ್ನು ಕನ್ನಡದ ಒತ್ತಿಗೆ ಕೊಡುತ್ತೇನೆ. ಬೋರ್ಡು ದೊಡ್ಡದಾಗುತ್ತದೆ, ಗಿರಾಕಿ ಗೊಣಗುತ್ತಾರೆ, ಓದಿಸಿಕೊಳ್ಳುತ್ತದೆ.

ಇದರ ಜೊತೆಗೇ ಇನ್ನೊಂದು ಸಣ್ಣ ಎಚ್ಚರಿಕೆ. ಕೆಲವು ಚಿತ್ರ ಬಿಡಿಸುವ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಆನ್ ಮಾಡದಿದ್ದರೆ ಒತ್ತುಗಳು ಒಡೆದು ಬಿಡಿಬಿಡಿ ಅಕ್ಷರಗಳಾಗುತ್ತವೆ. ಒಡೆದದ್ದನ್ನು ಗಮನಿಸದೆ, ಅಕ್ಷರಗಳನ್ನು ಬರೀ ಚಿತ್ರದ ಆಕಾರಕ್ಕೆ ಬದಲಿಸಿ ಪ್ರೆಸ್ಸಿಗೆ ಕಳಿಸಿದ್ದೇನೆ, ಒಂದಲ್ಲ ಎರಡು ಸಲ.

5. ಕತ್ತರಿಸುವವರ ಹತ್ತಿರ ಬೇಗ ಹೋಗಿ

ಒಂದು ಟ್ಯೂಷನ್ ಸೆಂಟರಿಗೆ ‘ಪಾಠ’ ಎಂಬ ಹೆಸರು. ಅಕ್ರಿಲಿಕ್ ಅಕ್ಷರ ಕತ್ತರಿಸಿ ಎಸಿಪಿ ಎಂಬ ಬೋರ್ಡಿನ ಹಾಳೆಯ ಮೇಲೆ ಅಂಟಿಸುವ ಕೆಲಸ. ನನ್ನ ದಪ್ಪ ಠ ಅಕ್ಷರದ ಹೊಟ್ಟೆಯಲ್ಲಿ ಜಾಗ ಎಷ್ಟು ಕಡಿಮೆಯಿತ್ತೆಂದರೆ ಒಳಗಿನ ಚುಕ್ಕೆ ಕಡಲೆಕಾಳಿನಷ್ಟಾಗಿತ್ತು. ರೌಟರ್ ಮೆಷಿನ್ ಮುಂದೆ ನಿಂತ ಅಣ್ಣ ಫೈಲು ನೋಡಿ, “ಮೇಡಂ, ಇದು ಬೇರೆ ತುಂಡು. ಅಂಟು ಹಿಡಿಯಲ್ಲ, ಬೀಳುತ್ತೆ” ಎಂದರು. ನಾನು “ಒಳ್ಳೆ ಟೇಪ್ ಹಾಕಿ” ಎಂದು ಹೇಳಿ ಹೊರಟುಬಂದೆ.

ಒಂದು ಮಳೆಗಾಲ ಕಳೆಯಿತು. ಆ ರಸ್ತೆಯಲ್ಲಿ ಹೋಗುವಾಗ ನೋಡಿದರೆ ಬೋರ್ಡಿನಲ್ಲಿ ‘ಪಾರ’ ಎಂದಿದೆ. ಠ ಚುಕ್ಕೆ ಕಳೆದುಕೊಂಡರೆ ರ ಆಗುತ್ತದೆಂದು ಒಂದನೇ ತರಗತಿಯ ಮಕ್ಕಳಿಗೂ ಗೊತ್ತು.

ಅದೇ ಅಣ್ಣನ ಹತ್ತಿರ ಹೋಗಿ ಕ್ಷಮೆ ಕೇಳಿ, ಏನು ಮಾಡಬಹುದೆಂದು ಕೇಳಿದೆ. ಅವರು ಪೆನ್ಸಿಲ್ ತೆಗೆದುಕೊಂಡು ಠ ಅಕ್ಷರದ ಒಳಗೋಡೆಯಿಂದ ಚುಕ್ಕೆಯವರೆಗೆ ಒಂದು ಗಿಡ್ಡ ಗೆರೆ ಎಳೆದರು. ಚುಕ್ಕೆ ಈಗ ಗೋಡೆಯಿಂದ ಚಾಚಿದ ಚೌಕ ಮೊಳೆಯ ಹಾಗೆ ಕಾಣುತ್ತಿತ್ತು. ಬೀಳುವುದಿಲ್ಲ, ಓದಲಿಕ್ಕೂ ಬರುತ್ತದೆ, ಮೇಲಾಗಿ ನಾನು ಹುಡುಕುತ್ತಿದ್ದ ‘ಯಂತ್ರದ’ ಚಹರೆ ತಾನಾಗಿ ಬಂದಿತ್ತು. ಥ ಅಕ್ಷರಕ್ಕೂ ಈಗ ನಾನು ಇದನ್ನೇ ಮಾಡುತ್ತೇನೆ. ನನ್ನ ಅಕ್ಷರಗಳಲ್ಲಿ ಜನ ಮೆಚ್ಚುವ ಆ ವಿವರ ಅವರದ್ದು. ಎಲ್‌ಇಡಿ ಹಾಕುವ ಡಬ್ಬಿ ಅಕ್ಷರದಲ್ಲಿ ಗೆರೆ ಒಂದಿಂಚಿಗಿಂತ ಸಪೂರವಾದರೆ ದೀಪ ಕೂರಿಸುವುದು ಕಷ್ಟ ಎಂದು ಹೇಳಿಕೊಟ್ಟವರೂ ಅವರೇ.

6. ಭವಿಷ್ಯಕ್ಕೂ ವಯಸ್ಸಾಗುತ್ತದೆ

ನಿಮ್ಮ ಚೆಕ್ ಪುಸ್ತಕ ತೆಗೆದು ಕೆಳಗಿನ ಬಿಳಿ ಪಟ್ಟಿ ನೋಡಿ. ಅಲ್ಲಿರುವ ಅಂಕಿಗಳು ಒಂದು ಕಡೆ ಸಪೂರ, ಇನ್ನೊಂದು ಕಡೆ ಊದಿಕೊಂಡಂತೆ ಇರುತ್ತವೆ. ಕಾಂತೀಯ ಮಸಿಯಲ್ಲಿ ಮುದ್ರಿಸಿದ ಇವನ್ನು ಯಂತ್ರ ಓದುವಾಗ ಒಂದೊಂದು ಅಂಕಿಯೂ ಬೇರೆ ಬೇರೆ ಸಂಕೇತ ಕೊಡಬೇಕು. ಅದಕ್ಕಾಗಿ ಆ ಊತ. ಹತ್ತು ಅಂಕಿ, ನಾಲ್ಕು ಚಿಹ್ನೆ, ಒಟ್ಟು ಹದಿನಾಲ್ಕೇ ಆಕಾರ. ಅಂದಕ್ಕಾಗಿ ಯಾರೂ ಅದನ್ನು ಮಾಡಲಿಲ್ಲ. ಆದರೆ ಅದನ್ನು ಕಂಡವರು ‘ಕಂಪ್ಯೂಟರ್ ಅಂದರೆ ಇದು’ ಎಂದುಕೊಂಡು ಇಡೀ ಇಂಗ್ಲಿಷ್ ಅಕ್ಷರಮಾಲೆಯನ್ನೇ ಆ ಚಹರೆಯಲ್ಲಿ ಮಾಡಿದರು. 1970ರ ‘ಡೇಟಾ 70’ ಅಂಥದ್ದು.

ನಾನು ಚಿಕ್ಕವಳಿದ್ದಾಗ ನಮ್ಮೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಒಂದು ಕಂಪ್ಯೂಟರ್ ಸೆಂಟರ್ ಆಯಿತು. ಬೋರ್ಡು ಬರೆಯುವವರು ಏಣಿ ಹತ್ತಿ, ‘ಕಂಪ್ಯೂಟರ್’ ಎಂದು ಕನ್ನಡದಲ್ಲೇ ಊದಿದ ಕಾಲಿನ ಅಕ್ಷರಗಳನ್ನು ಕುಂಚದಲ್ಲಿ ಬರೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ಎರಡು ಸಂಜೆ ಅಲ್ಲೇ ನಿಂತು ನೋಡಿದ್ದೆ. ಕನ್ನಡ ಹಾಗೂ ಕಾಣಬಹುದು ಎಂದು ಗೊತ್ತಾದದ್ದು ಆವತ್ತು. ಈ ಕೆಲಸಕ್ಕೆ ಬಂದದ್ದೇ ಆ ಎರಡು ಸಂಜೆಯಿಂದ ಇರಬೇಕು.

ಆ ನೆನಪಿನ ಮೋಹದಲ್ಲಿ ಒಂದು ಹೊಸ ಕಂಪನಿಯ ಲಾಂಛನಕ್ಕೆ ಆ ಊದಿದ ಅಕ್ಷರ ಕೊಟ್ಟೆ. ಅವರು ಮಾಡುತ್ತಿದ್ದದ್ದು ವಿದ್ಯುತ್ ಸ್ಕೂಟರಿಗೆ ಬ್ಯಾಟರಿ. ಕಂಪನಿಯ ಹುಡುಗಿಯೊಬ್ಬಳು ಪ್ರಾಮಾಣಿಕವಾಗಿ ಹೇಳಿದಳು: “ಅಕ್ಕ, ಇದು ನಮ್ಮಪ್ಪನ ಕಾಲದ ಭವಿಷ್ಯದ ತರ ಇದೆ.” ಸರಿಯಾಗಿಯೇ ಹೇಳಿದಳು. ಐವತ್ತು ವರ್ಷದ ಹಿಂದೆ ಕಂಡ ಕನಸಿಗೆ ಅದರದ್ದೇ ಆದ ಚೆಲುವಿದೆ. ಹಳೆಯ ಕಾಲದ ಕಥೆ ಹೇಳುವ ಪೋಸ್ಟರಿಗೆ ಅದು ಒಪ್ಪುತ್ತದೆ. ಮುಂದಿನ ವರ್ಷ ಮಾರುಕಟ್ಟೆಗೆ ಬರುವ ವಸ್ತುವಿಗೆ ಒಪ್ಪುವುದಿಲ್ಲ.

7. ಕಥೆ ಓದಿ, ಆಮೇಲೆ ಬರೆಯಿರಿ

ಒಂದು ವೈಜ್ಞಾನಿಕ ಕಥಾಸಂಕಲನದ ಮುಖಪುಟ. ‘ವೈಜ್ಞಾನಿಕ’ ಎಂಬ ಒಂದು ಪದ ಕೇಳಿ ನಾನು ಲೋಹದ ಹೊಳಪಿನ ದೈತ್ಯ ಅಕ್ಷರ ಮಾಡಿ ಕಳಿಸಿದೆ. ಲೇಖಕಿ ಫೋನ್ ಮಾಡಿ ಮೆಲ್ಲಗೆ ಕೇಳಿದರು: “ಕಥೆಗಳನ್ನ ಓದಿದಿರಾ? ಇದರಲ್ಲಿ ರೋಬೋಟೇ ಇಲ್ಲಮ್ಮ. ಮಂಗಳ ಗ್ರಹಕ್ಕೆ ಹೋದ ಮಗಳಿಗೆ ತಾಯಿ ಬರೆಯೋ ಕಾಗದಗಳಿವೆ.”

ಆ ರಾತ್ರಿ ಇಡೀ ಸಂಕಲನ ಓದಿದೆ. ಕಡೆಗೆ ಮುಖಪುಟಕ್ಕೆ ಉಳಿದದ್ದು ಸಾದಾ ಕೈಬರಹದಂಥ ಅಕ್ಷರ. ಶೀರ್ಷಿಕೆಯ ಕೊನೆಯ ಅಕ್ಷರ ಮಾತ್ರ ಚೌಕ.

8. ಒಗ್ಗುವ ಕಡೆ ಧೈರ್ಯವಾಗಿ ಬಳಸಿ

ಇಷ್ಟೆಲ್ಲ ಓದಿ ಹೆದರಬೇಡಿ. ಯೂಟ್ಯೂಬ್ ವಿಡಿಯೋದ ಮುಖಚಿತ್ರದಲ್ಲಿ ಒಂದೆರಡು ಪದ, ಆಟದ ಜೆರ್ಸಿಯ ಬೆನ್ನಿನ ಅಂಕಿ, ಮೊಬೈಲ್ ಗೇಮಿನ ಶೀರ್ಷಿಕೆ, ಸೈಕಲ್ ಅಂಗಡಿ, ತಾರಾಲಯದ ಪ್ರದರ್ಶನದ ಬ್ಯಾನರು, ಸಿನಿಮಾದ ಟೀಸರು: ಇಲ್ಲೆಲ್ಲ ಈ ಅಕ್ಷರ ಅರಳುತ್ತದೆ. ಮದುವೆ ಕಾಗದ, ಔಷಧದ ಚೀಟಿ, ಬಸ್ಸಿನ ಮಾರ್ಗಫಲಕ, ಶ್ರದ್ಧಾಂಜಲಿ, ಇಲ್ಲಿಗೆ ಬೇಡ. ಆಸ್ಪತ್ರೆಯ ಒಳಗಂತೂ ಬೇಡವೇ ಬೇಡ. ಗಾಬರಿಯಲ್ಲಿ ಓಡಿ ಬಂದವರಿಗೆ ಅಕ್ಷರ ಬಿಡಿಸಿಕೊಳ್ಳುವ ಕೆಲಸ ಕೊಡಬಾರದು.

ಅಕ್ಷರವನ್ನು ಮೊದಲಿನಿಂದ ಬರೆಯಲು ಸಮಯವಿಲ್ಲದಿದ್ದರೆ ಏಕ್ ಟೈಪ್ ತಂಡದವರು 2022ರಲ್ಲಿ ಬಿಡುಗಡೆ ಮಾಡಿದ ಅನೇಕ್ ಕನ್ನಡ ತೆಗೆದುಕೊಳ್ಳಿ. ಉಚಿತ. ದಪ್ಪವನ್ನೂ ಅಗಲವನ್ನೂ ಬೇಕಾದಷ್ಟು ಹಿಗ್ಗಿಸಿ ಕುಗ್ಗಿಸಬಹುದು. ಅತಿ ಅಗಲ, ಅತಿ ದಪ್ಪದ ತುದಿಗೆ ಎಳೆದರೆ ನೀವು ಹುಡುಕುವ ಗತ್ತು ಸಾಕಷ್ಟು ಸಿಗುತ್ತದೆ. ಒತ್ತುಗಳೂ ಜಾಗದಲ್ಲಿ ಇರುತ್ತವೆ. ಸಾದಾ ಫಾಂಟನ್ನು ಹಿಡಿದು ಅಡ್ಡಡ್ಡ ಎಳೆದು ಅಗಲ ಮಾಡುವುದನ್ನು ಮಾತ್ರ ಮಾಡಬೇಡಿ. ನಿಂತ ಗೆರೆ ದಪ್ಪವಾಗುತ್ತದೆ, ಮಲಗಿದ ಗೆರೆ ಹಾಗೇ ಉಳಿಯುತ್ತದೆ, ಅಕ್ಷರ ಜಜ್ಜಿದಂತೆ ಕಾಣುತ್ತದೆ. ನನ್ನ ಮೊದಲ ಮೂರು ವರ್ಷದ ಕೆಲಸವೆಲ್ಲ ಹಾಗೇ ಇದೆ.

ಪ್ರೆಸ್ಸಿಗೆ ಕೊಡುವ ಮೊದಲು ಒಂದು ಪ್ರತಿ ತೆಗೆದು ಎದುರು ಗೋಡೆಗೆ ಅಂಟಿಸಿ. ಈಗಷ್ಟೇ ಓದಲು ಕಲಿತ ಒಂದು ಮಗುವನ್ನೂ ಕನ್ನಡಕ ಮರೆತು ಬಂದ ಒಬ್ಬ ಹಿರಿಯರನ್ನೂ ಓದಲು ಕೇಳಿ. ಇಬ್ಬರೂ ತಡವರಿಸಿದ ಜಾಗಕ್ಕೆ ವಾಪಸ್ ಹೋಗಿ.

9. ಚೌಕದ ತಲೆ ನಮಗೆ ಹೊಸದಲ್ಲ

ಹೋದ ವರ್ಷ ಊರಿಗೆ ಹೋದವಳು ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿದ್ದೆ. ಅಲ್ಲಿನ ಪ್ರಣವೇಶ್ವರ ದೇವಸ್ಥಾನದ ಮುಂದೆ ಕದಂಬರ ಕಾಲದ ಕಂಬಶಾಸನವಿದೆ. ಐದನೇ ಶತಮಾನದ್ದು, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಬರೆದದ್ದು. ಶಾಲೆಯ ಪ್ರವಾಸದಲ್ಲಿ ಒಮ್ಮೆ ನೋಡಿದ್ದೆ, ಆಗ ಏನೂ ಕಂಡಿರಲಿಲ್ಲ.

ಈ ಸಲ ಸಂಜೆಯ ಓರೆ ಬಿಸಿಲು ಕಂಬದ ಮೇಲೆ ಬಿದ್ದಿತ್ತು. ಅಕ್ಷರ ಅಕ್ಷರದ ತಲೆಯ ಮೇಲೂ ಒಂದು ಪುಟ್ಟ ಚೌಕ. ಉಳಿಯಲ್ಲಿ ಕಡೆದ ಪೆಟ್ಟಿಗೆ. ಮುಂದೆ ತಲೆಕಟ್ಟಾಗಿ ಬೆಳೆದ ಆ ಜಾಗದಲ್ಲಿ ಕದಂಬರ ಶಿಲ್ಪಿ ಅಳತೆ ತಪ್ಪದೆ ಚೌಕ ಕೂರಿಸಿದ್ದಾನೆ. ನಾನು ಟೂರಿನ್ನಿನಿಂದ ಎರವಲು ತರುತ್ತಿದ್ದ ಮೂಲೆ, ನಮ್ಮ ಮನೆಯಿಂದ ಎರಡು ಗಂಟೆಯ ದಾರಿಯಲ್ಲಿ ಸಾವಿರದ ಐನೂರು ವರ್ಷದಿಂದ ನಿಂತಿತ್ತು. ಹತ್ತಿರ ಹೋಗಿ ಆ ಚೌಕಗಳನ್ನು ನೋಡುತ್ತ ತುಂಬ ಹೊತ್ತು ನಿಂತೆ. ಕಣ್ಣು ತುಂಬಿ ಬಂತು.

ಈಗ ಮಕ್ಕಳ ವಿಜ್ಞಾನ ಪುಸ್ತಕವೊಂದಕ್ಕೆ ‘ನಾಳೆ’ ಎಂಬ ಎರಡಕ್ಷರದ ಶೀರ್ಷಿಕೆ ಬರೆಯುತ್ತಿದ್ದೇನೆ. ದಪ್ಪ, ಅಗಲ, ಮೇಲೆ ತಾಳಗುಂದದ ಆ ಪುಟ್ಟ ಪೆಟ್ಟಿಗೆ. ನಾ ಕೂತಿದೆ. ಳೆ ಇನ್ನೂ ಕೂತಿಲ್ಲ. ಹನ್ನೊಂದನೇ ಸಲ ಬರೆದು ಗೋಡೆಗೆ ಅಂಟಿಸಿದ್ದೇನೆ. ಪಕ್ಕದ ಮನೆಯ ಒಂದನೇ ಕ್ಲಾಸಿನ ಹುಡುಗಿ ಶಾಲೆಯಿಂದ ಬರುವುದನ್ನು ಕಾಯುತ್ತಿದ್ದೇನೆ.